ಬರ, ಜ್ವರ ಮತ್ತು ಧ್ರುವಗಳು: ನಿರ್ಣಾದ ನೆಲದಿಂದ ಕಂಡ ಒಂದು ಚರಿತ್ರೆ

ಬೀದರ್ ಜಿಲ್ಲೆಯ ದಕ್ಷಿಣಕ್ಕೆ, ಹುಮ್ನಾಬಾದ್ ಮತ್ತು ಬಸವಕಲ್ಯಾಣಗಳನ್ನು ಒಳಗೊಂಡ ಎತ್ತರದ ಬಯಲುಸೀಮೆಯಲ್ಲಿರುವ ನಿರ್ಣಾ ಗ್ರಾಮವು ಉತ್ತರ ಧ್ರುವದಿಂದ ಸುಮಾರು 8,000 ಕಿಲೋಮೀಟರ್, ದಕ್ಷಿಣ ಧ್ರುವದಿಂದ ಸುಮಾರು 12,000 ಕಿಲೋಮೀಟರ್ ದೂರದಲ್ಲಿದೆ. ಧ್ರುವ ಸಂಶೋಧನೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಹಡಗು, ನಾಯಿಬಂಡಿ, ನೆಟ್ಟ ಬಾವುಟಗಳಿಂದ ಕಥೆಯನ್ನು ಆರಂಭಿಸುವುದರಿಂದ, ಇಂಥ ಒಳನಾಡಿನ ಊರುಗಳಿಗೆ ಆ ಕಥೆಯಲ್ಲಿ ಸ್ಥಳವೇ ಇಲ್ಲವೆಂಬ ಭಾವನೆ ಬೆಳೆದುಬಂದಿದೆ. ಆದರೆ ಹವಾಮಾನ ಇಲಾಖೆಯ ಹಳೆಯ ಕಡತಗಳನ್ನೂ ಕನ್ನಡ ನಾಡಿನ ರೋಗಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಬೇರೊಂದು ದಾರಿ ತೆರೆದುಕೊಳ್ಳುತ್ತದೆ: ಈ ನೆಲದ ಜನರ ಬದುಕಿಗೆ ಧ್ರುವಗಳ ವಿಜ್ಞಾನ ಮೊದಲು ಹತ್ತಿರವಾದದ್ದು ಎರಡು ಭಯಗಳ ಬೆನ್ನು ಹತ್ತಿ. ಒಂದು ಬರದ ಭಯ, ಇನ್ನೊಂದು ಜ್ವರದ ಭಯ.

ಮೊದಲನೆಯ ಭಯ ಹುಟ್ಟುವುದು ಇಲ್ಲಿನ ಮಣ್ಣಿನಲ್ಲೇ. ನಿರ್ಣಾ ಸುತ್ತಿನ ಕರಿಮಣ್ಣಿಗೂ ಅದರ ಅಡಿಯ ಕಪ್ಪು ಬಂಡೆಗೂ ಮೂಲವಾದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆಗ ಭಾರತದ ಭೂಫಲಕ ಇನ್ನೂ ಸಮಭಾಜಕ ವೃತ್ತದ ದಕ್ಷಿಣಕ್ಕಿದ್ದು, ಇಂದಿನ ರಿಯೂನಿಯನ್ ದ್ವೀಪದ ಅಡಿಯಲ್ಲಿರುವ ಬಿಸಿತಾಣದ ಮೇಲಿಂದ ಉತ್ತರಕ್ಕೆ ಸರಿಯುತ್ತಿತ್ತು. ಎತ್ತರದ ಜಾಗಗಳಲ್ಲಿ ಈ ಬಂಡೆ ಕಾಲಕ್ರಮದಲ್ಲಿ ಶಿಥಿಲಗೊಂಡು ಜಂಬಿಟ್ಟಿಗೆಯ ಹೊದಿಕೆಯಾಗಿ ಮಾರ್ಪಟ್ಟಿದೆ. ಜಂಬಿಟ್ಟಿಗೆ ನೀರನ್ನು ಇಂಗಿಸುತ್ತದೆ, ಅಡಿಯ ಬಂಡೆ ಅದನ್ನು ತಡೆಯುತ್ತದೆ, ಇವೆರಡೂ ಕೂಡುವ ಅಂಚಿನಲ್ಲಿ ನೀರು ಹರಿಯುತ್ತದೆ. ಬಹಮನಿ ಕಾಲದಲ್ಲಿ ಬೀದರ್ ನಗರದ ಬಳಿ ನೆಲದೊಳಗೆ ಸುರಂಗ ಕೊರೆದು ನೀರು ತಂದ ಕರೇಜ್ ವ್ಯವಸ್ಥೆ ಈ ಗುಟ್ಟನ್ನು ಅರಿತೇ ಕಟ್ಟಿದ್ದು. ಅರಸರ ಪಟ್ಟಣಕ್ಕೆ ಸುರಂಗವಿತ್ತು, ಹಳ್ಳಿಗಳ ತೊಗರಿ, ಉದ್ದು, ಹೆಸರು, ಜೋಳಗಳಿಗೆ ಮಾತ್ರ ಮುಗಿಲೇ ಗತಿ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ತನ್ನ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟಗಳಲ್ಲಿ ಇಳಿಸಿ ಹಗುರಾಗಿ ಇತ್ತ ದಾಟುವುದರಿಂದ, ಇಲ್ಲಿನ ಒಳ್ಳೆಯ ಮಳೆಗಳು ಬಂಗಾಳ ಕೊಲ್ಲಿಯಲ್ಲಿ ಎದ್ದು ಪಶ್ಚಿಮಕ್ಕೆ ಸರಿಯುವ ವಾಯುಭಾರ ಕುಸಿತಗಳನ್ನೂ ಬಹಳವಾಗಿ ಅವಲಂಬಿಸಿವೆ. ಮೃಗಶಿರದಲ್ಲಿ ಬಿತ್ತಿ, ಆರಿದ್ರಾ, ಪುಷ್ಯ, ಮಘಾ ಎಂದು ನಕ್ಷತ್ರ ಎಣಿಸುತ್ತ ಕಾಯುವ ಪಂಚಾಂಗದ ಲೆಕ್ಕವು ಮಳೆ ಯಾವಾಗ ಬರಬೇಕು ಎಂಬುದನ್ನು ಹೇಳಬಲ್ಲದಾಗಿತ್ತು. ಬಾರದಿದ್ದರೆ ಏಕೆ ಬಾರಲಿಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಆಳುವವರೂ ಕೇಳಲೇಬೇಕಾದ ಸ್ಥಿತಿ ತಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಸಂವತ್ಸರಗಳ ಹೆಸರಿನಲ್ಲಿ ಕನ್ನಡಿಗರು ಧಾತು-ಈಶ್ವರ ಬರವೆಂದು ನೆನಪಿಟ್ಟುಕೊಂಡ ಈ ಕ್ಷಾಮ ಮೈಸೂರು, ಮದರಾಸು, ಮುಂಬಯಿ ಪ್ರಾಂತಗಳ ಜೊತೆಗೆ, ಬೀದರ್ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನವನ್ನೂ ತಟ್ಟಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿಯೇ ಸತ್ತವರು 50 ಲಕ್ಷ ಮೀರಿದರು. 1864ರ ಕಲ್ಕತ್ತಾ ಚಂಡಮಾರುತ ಮತ್ತು 1866, 1871ರ ಮಳೆವೈಫಲ್ಯಗಳ ನಂತರ 1875ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಹವಾಮಾನ ಇಲಾಖೆಗೆ ಆಗ ಇನ್ನೂ ಎಳೆಯ ವಯಸ್ಸು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಬರದ ಕಾರಣವನ್ನು ಹೊಲದ ಮೇಲಿನ ಆಕಾಶದಲ್ಲಿ ಹುಡುಕುವುದನ್ನು ಬಿಟ್ಟು ದೂರದ ಹಿಮದತ್ತ ಕಣ್ಣು ಹಾಯಿಸಿದನು. ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಾಗಿ ಬಿದ್ದು ತಡವಾಗಿ ಕರಗಿದರೆ ಉತ್ತರದ ನೆಲ ಬೇಗ ಕಾಯುವುದಿಲ್ಲ, ನೆಲ ಕಾಯದಿದ್ದರೆ ಸಮುದ್ರದ ಗಾಳಿಯನ್ನು ಒಳಕ್ಕೆ ಸೆಳೆಯುವ ಬಲ ಕುಂದುತ್ತದೆ, ಒಣಗಾಳಿ ಬೀಸುತ್ತದೆ ಎಂಬ ವಾದವನ್ನು ಅವನು 1884ರಲ್ಲಿ ಪ್ರಕಟಿಸಿ, 1886ರಲ್ಲಿ ಇಡೀ ಮಳೆಗಾಲದ ಮೊದಲ ಅಧಿಕೃತ ಮುನ್ಸೂಚನೆ ಹೊರಡಲು ಕಾರಣನಾದನು. ಒಂದು ಕಡೆಯ ಹಿಮಕ್ಕೂ ಇನ್ನೊಂದು ಕಡೆಯ ಮಳೆಗೂ ಲೆಕ್ಕದ ಸಂಬಂಧವಿರಬಹುದೆಂಬ ಈ ಒಂದು ಊಹೆಯೇ ಮುಂದಿನ ಎಲ್ಲದಕ್ಕೂ ಬೀಜವಾಯಿತು.

ಬ್ಲಾನ್‌ಫೋರ್ಡನ ನಂತರ ಬಂದ ಜಾನ್ ಎಲಿಯಟ್‌ನ ಮುನ್ಸೂಚನೆಗಳು ಉದ್ದವಾಗುತ್ತ ಹೋದವು, ನಿಖರವಾಗಲಿಲ್ಲ. 1899ರ ಭೀಕರ ಬರವನ್ನು ಇಲಾಖೆ ಮುಂಗಾಣದೆ ಪತ್ರಿಕೆಗಳ ಟೀಕೆಗೆ ಗುರಿಯಾಯಿತು. ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿ ಇಡುವ ಪ್ರಸಂಗವೂ ಬಂತು. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಹವಾಮಾನ ತಜ್ಞನಲ್ಲ, ಕೇಂಬ್ರಿಜ್‌ನ ಗಣಿತಜ್ಞ. ಜಗತ್ತಿನ ಎಲ್ಲೆಲ್ಲಿ ಏನೇನು ಅಳೆಯಲಾಗಿದೆಯೋ ಅದೆಲ್ಲವನ್ನೂ ತರಿಸಿ, ಭಾರತದ ಮಳೆಯ ಏರಿಳಿತದೊಂದಿಗೆ ಯಾವುದು ಹೊಂದುತ್ತದೆ ಎಂದು ಗುಮಾಸ್ತರ ಪಡೆಯಿಂದ ಲೆಕ್ಕ ಹಾಕಿಸುವುದು ಅವನ ವಿಧಾನವಾಗಿತ್ತು. ಒಂದು ಏರಿದಾಗ ಇನ್ನೊಂದು ಎಷ್ಟರ ಮಟ್ಟಿಗೆ ಜೊತೆಯಾಗಿ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದರ ಈ ಅಳತೆಯನ್ನು ಸಹಸಂಬಂಧ ಎನ್ನುತ್ತಾರೆ. 1909ರ ಅವನ ಸೂತ್ರದಲ್ಲಿ ಹಿಮಾಲಯದ ಹಿಮ, ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರ್‌ನ ಮಳೆ ಎಂಬ ನಾಲ್ಕು ಅಂಶಗಳಿದ್ದವು. ನಾಲ್ಕರಲ್ಲಿ ಮೂರು ಸಮಭಾಜಕದ ಆಚೆಗಿನವು ಎಂಬುದು ಗಮನಾರ್ಹ.

ವಾಕರ್ ತನ್ನ ಇಲಾಖೆಗೆ ಸೇರಿಸಿಕೊಂಡವರಲ್ಲಿ ಜಾರ್ಜ್ ಸಿಂಪ್ಸನ್ ಎಂಬ ತರುಣ ಭೌತವಿಜ್ಞಾನಿಯಿದ್ದನು. 1906ರಲ್ಲಿ ಇಲಾಖೆಯ ಕಚೇರಿಯಿದ್ದ ಸಿಮ್ಲಾಕ್ಕೆ ಬಂದ ಸಿಂಪ್ಸನ್, ಗುಡುಗುಮಳೆಯ ಹನಿಗಳು ಹೊತ್ತು ತರುವ ವಿದ್ಯುತ್ತನ್ನು ಅಳೆದು, ದೊಡ್ಡ ಹನಿಗಳು ಗಾಳಿಯಲ್ಲಿ ಒಡೆಯುವಾಗ ವಿದ್ಯುದಂಶ ಬೇರ್ಪಡುತ್ತದೆಂದು ವಾದಿಸಿ ಹೆಸರಾಗಿದ್ದನು. 1910ರಲ್ಲಿ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ದಕ್ಷಿಣ ಧ್ರುವದತ್ತ ಟೆರಾ ನೋವಾ ಹಡಗಿನಲ್ಲಿ ಹೊರಟಾಗ ಹವಾಮಾನ ತಜ್ಞನಾಗಿ ಭಾರತೀಯ ಇಲಾಖೆಯಿಂದ ಬಿಡುವು ಪಡೆದು ಹೋದವನು ಇವನೇ. ರಾಸ್ ದ್ವೀಪದ ಕೇಪ್ ಇವಾನ್ಸ್‌ನಲ್ಲಿ, ಧ್ರುವದಿಂದ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ಅವನು ಕಟ್ಟಿದ ವೀಕ್ಷಣಾಲಯದಲ್ಲಿ ವಾಯುಭಾರ, ಉಷ್ಣತೆ, ಗಾಳಿಯ ವೇಗಗಳನ್ನು ತಾವೇ ಬರೆದುಕೊಳ್ಳುವ ಉಪಕರಣಗಳಿದ್ದವು. ಮೇಲಿನ ಗಾಳಿಯನ್ನು ಅಳೆಯಲು ಪುಟ್ಟ ಬಲೂನುಗಳಿಗೆ ಹಗುರ ಉಪಕರಣ ಕಟ್ಟಿ ಬಿಡುತ್ತಿದ್ದರು. ಕಳಚಿ ಬಿದ್ದ ಉಪಕರಣ ಬಿಳಿ ಬಯಲಿನಲ್ಲಿ ಕಳೆದುಹೋಗದಂತೆ ಅದರ ಹಿಂದೆ ರೇಷ್ಮೆ ನೂಲು ಬಿಚ್ಚಿಕೊಳ್ಳುತ್ತ ಸಾಗುವ ಏರ್ಪಾಡಿತ್ತು, ಆ ನೂಲಿನ ಜಾಡು ಹಿಡಿದು ಹುಡುಕಬೇಕಿತ್ತು. ಈ ಕೆಲಸಗಳಲ್ಲಿ ಅವನಿಗೆ ನೆರವಾದ ಹೆನ್ರಿ ಬೋವರ್ಸ್ ಕೂಡ ಭಾರತದ ನೌಕಾಸೇವೆಯಲ್ಲಿದ್ದವನು. ಧ್ರುವದತ್ತ ನಡೆದ ಕೊನೆಯ ಪಯಣದಲ್ಲೂ ಹವಾಮಾನದ ದಿನಚರಿ ಬರೆಯುತ್ತಿದ್ದವನು ಅವನೇ, ಸ್ಕಾಟ್‌ನೊಂದಿಗೆ ಒಂದೇ ಗುಡಾರದಲ್ಲಿ ಸತ್ತವನೂ ಅವನೇ.

ವಾಕರ್ ಕಾಯಿಲೆ ಬಿದ್ದುದರಿಂದ 1912ರ ಮಾರ್ಚಿನಲ್ಲಿ ಸಿಂಪ್ಸನ್ ಅಂಟಾರ್ಕ್ಟಿಕಾ ಬಿಟ್ಟು ಸಿಮ್ಲಾದ ಮೇಜಿಗೆ ಮರಳಬೇಕಾಯಿತು. ಅವನು ಹಿಂದಿರುಗಿದ ಹಡಗೇ ಅತ್ತ ಹೋಗುವಾಗ ಭಾರತದಿಂದ ಕೊಟ್ಟ ಏಳು ಹೇಸರಗತ್ತೆಗಳನ್ನು ಇಳಿಸಿತ್ತು. ಹಿಮಾಲಯದಲ್ಲಿ ಪಳಗಿದ ಅವುಗಳ ಹೆಸರು ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹಿಬ್. ಸ್ಕಾಟ್‌ನ ಗುಡಾರವನ್ನು 1912ರ ನವೆಂಬರ್ 12ರಂದು ಪತ್ತೆ ಹಚ್ಚಿದ ಶೋಧತಂಡದ ಸಾಮಾನು ಎಳೆದವುಗಳಲ್ಲಿ ಇವೂ ಇದ್ದವು. ದಖ್ಖನಿನ ಯಾವ ಸಂತೆಯಲ್ಲಿ ಕೂಗಿದರೂ ಪರಕೀಯವೆನಿಸದ ಈ ಹೆಸರುಗಳು ಧ್ರುವಚರಿತ್ರೆಯ ಪುಟಗಳಲ್ಲಿ ಸೇರಿಕೊಂಡಿರುವುದು, ಆ ಚರಿತ್ರೆ ಬರೀ ಯುರೋಪಿನದೆಂದು ಓದುವವರು ಗಮನಿಸದೆ ದಾಟಿಹೋಗುವ ಸಂಗತಿ. ಸಿಂಪ್ಸನ್‌ನ ಅಂಟಾರ್ಕ್ಟಿಕ ಹವಾಮಾನ ಗ್ರಂಥವೂ 1919ರಲ್ಲಿ ಮುದ್ರಣಗೊಂಡು ಹೊರಬಂದದ್ದು ಕಲ್ಕತ್ತೆಯ ಥ್ಯಾಕರ್ ಸ್ಪಿಂಕ್ ಪ್ರಕಾಶನದಿಂದ. ಹಿಮಖಂಡದ ಒಳಗಿನಿಂದ ಹೊರಕ್ಕೆ ಹರಡುವ ವಾಯುಭಾರದ ಅಲೆಗಳ ಬಗ್ಗೆ ಅವನು ಅದರಲ್ಲಿ ಮಂಡಿಸಿದ ವಿಚಾರ ಮುಂದೆ ಬಹಳ ಚರ್ಚೆಗೆ ಒಳಗಾಯಿತು; ಅವನ ಅಳತೆಗಳಂತೂ ಒಂದು ಶತಮಾನದ ಬಳಿಕವೂ ಬಳಕೆಯಲ್ಲಿವೆ.

ಬರದ ಕಾರಣ ಹುಡುಕುವ ಇಲಾಖೆಯ ನೌಕರನೊಬ್ಬ ಧ್ರುವಕ್ಕೆ ಹೋಗಿ ಬಂದದ್ದರಿಂದ ಬರದ ಗುಟ್ಟು ಬಯಲಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ವಾಕರ್ 1924ರ ಹೊತ್ತಿಗೆ ಗುರುತಿಸಿದ್ದು ಧ್ರುವದ ಪ್ರಭಾವವನ್ನಲ್ಲ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುವ ಕ್ರಮವನ್ನು. ಅದಕ್ಕೆ ಅವನು ದಕ್ಷಿಣ ಆಂದೋಲನ ಎಂದು ಹೆಸರಿಟ್ಟನು, ಎಲ್ ನಿನೋ ಎಂದು ಇಂದು ಪರಿಚಿತವಾದ ಸಮುದ್ರದ ಬಿಸಿಯೇರಿಕೆ ಅದರ ಇನ್ನೊಂದು ಮುಖ. 1877ರ ಧಾತು-ಈಶ್ವರ ಬರದ ಹಿಂದೆ ಇದ್ದದ್ದೂ ಒಂದು ಬಲವಾದ ಎಲ್ ನಿನೋ. ದಕ್ಷಿಣದ ಶೀತಸಾಗರದ ಪಾತ್ರ ಇದಕ್ಕಿಂತ ಸೂಕ್ಷ್ಮವಾದದ್ದು. ಮಡಗಾಸ್ಕರಿನ ಪೂರ್ವಕ್ಕೆ, ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ, ಮಳೆಗಾಲದಲ್ಲಿ ನೆಲೆಸುವ ಅಧಿಕ ವಾಯುಭಾರದ ಪ್ರದೇಶವನ್ನು ಮಸ್ಕರೀನ್ ಅಧಿಕಭಾರ ಎನ್ನುತ್ತಾರೆ; ಅಲ್ಲಿಂದ ಹೊರಟ ಗಾಳಿ ಸಮಭಾಜಕವನ್ನು ದಾಟಿ, ಸೊಮಾಲಿಯಾ ತೀರದ ಬಳಿ ವೇಗ ಪಡೆದು, ನೀರು ಹೀರಿಕೊಂಡು ಭಾರತಕ್ಕೆ ಬರುತ್ತದೆ. ಅಂಟಾರ್ಕ್ಟಿಕಾವನ್ನು ಸುತ್ತುವ ಪಶ್ಚಿಮದ ಗಾಳಿಗಳಲ್ಲಿ ಏಳುವ ಅಲೆಗಳು ಈ ಅಧಿಕಭಾರವನ್ನು ಬಲಗೊಳಿಸುವುದೂ ಕುಂದಿಸುವುದೂ ಉಂಟು. ಆದರೆ 1980ರಲ್ಲಿ ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಉಪಗ್ರಹ ಚಿತ್ರಗಳ ಆಧಾರದಿಂದ ತೋರಿಸಿದಂತೆ, ಮುಂಗಾರು ಮೂಲತಃ ಉಷ್ಣವಲಯದ ಮೋಡಪಟ್ಟಿಯೇ ಉತ್ತರಕ್ಕೆ ಸರಿದು ನೆಲದ ಮೇಲೆ ನಿಲ್ಲುವ ವಿದ್ಯಮಾನ. ಎಲ್ಲ ಮಳೆಯ ಬೀಗದಕೈಯೂ ಧ್ರುವದಲ್ಲಿದೆ ಎನ್ನುವವರ ಉತ್ಸಾಹಕ್ಕೆ ಈ ಸಂಶೋಧನೆ ಒಳ್ಳೆಯ ಕಡಿವಾಣ.

ಎರಡನೆಯ ಭಯ ಬೀದರಿನಿಂದ ದೂರದ ಮಲೆನಾಡಿನಲ್ಲಿ ಹುಟ್ಟಿತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ತಿಂಗಳುಗಳಾಗಿದ್ದವು; 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರಕ್ಕೆ ತುತ್ತಾದರು; ಜನರ ಬಾಯಲ್ಲಿ ಇದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿದಾಗ, ಉಣುಗುಗಳಿಂದ ಹರಡುವ ಈ ವೈರಸ್ ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ಮತ್ತು ರಷ್ಯಾದ ವಸಂತ-ಬೇಸಿಗೆಯ ಮಿದುಳುರಿತದ ವೈರಸ್‌ಗಳ ಬಳಗಕ್ಕೆ ಸೇರಿದ್ದೆಂದು ತಿಳಿದುಬಂತು. ಅಷ್ಟು ಉತ್ತರದ ರೋಗದ ನೆಂಟ ಮಲೆನಾಡಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಕೈಗೆಟುಕಿದ ಉತ್ತರ ಹಕ್ಕಿಗಳದಾಗಿತ್ತು: ಬೇಸಿಗೆಯಲ್ಲಿ ಸೈಬೀರಿಯಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಭಾರತಕ್ಕೆ ಬರುವ ಹಕ್ಕಿಗಳ ಮೈಯಲ್ಲಿ ಉಣುಗು ಕುಳಿತು ಬಂದಿರಬಹುದಲ್ಲವೇ?

ಪಕ್ಷಿತಜ್ಞ ಸಲೀಂ ಅಲಿಯವರಿಗೆ ಇದು ಬಹುಕಾಲದ ಆಸೆಯೊಂದು ಕೈಗೂಡುವ ಸಂದರ್ಭವಾಯಿತು. 1930ರ ದಶಕದ ಆರಂಭದಲ್ಲೇ ಹೈದರಾಬಾದ್ ಸಂಸ್ಥಾನದ ಪಕ್ಷಿಸಮೀಕ್ಷೆ ನಡೆಸಿ ಅದರ ಫಲಿತಾಂಶವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದ ಅವರಿಗೆ, ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿ ತಿಳಿಯುವ ದೊಡ್ಡ ಯೋಜನೆಗೆ ಬೇಕಾದ ಹಣ ಮಾತ್ರ ಸಿಕ್ಕಿರಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೆರವಿಗೆ ಬಂದಿತು. ಮುಂಬಯಿ ಸೊಸೈಟಿಗೆ ತಿಳಿಸಿರೆಂಬ ಇಂಗ್ಲಿಷ್ ಬರಹ ಹೊತ್ತ ಅಲ್ಯೂಮಿನಿಯಂ ಉಂಗುರಗಳನ್ನು ತೊಟ್ಟ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಹಾರಿಹೋದವು, ಉಂಗುರಗಳ ಸುದ್ದಿ ಸೋವಿಯತ್ ಒಕ್ಕೂಟದ ದೂರದ ಮೂಲೆಗಳಿಂದಲೂ ಬರತೊಡಗಿತು. ಕನ್ನಡ ನಾಡಿನ ಕೆರೆಗಳ ಕೆಸರಂಚಿನಲ್ಲಿ ಚಳಿಗಾಲ ಕಳೆಯುವ ರಫ್ ಮತ್ತು ಉಲ್ಲಂಕಿ ಜಾತಿಯ ಸಣ್ಣ ಹಕ್ಕಿಗಳು ಗೂಡು ಕಟ್ಟುವುದು ಉತ್ತರದ ತಂಡ್ರಾದಲ್ಲಿ, ಅಂದರೆ ಮರಗಳಿಲ್ಲದ, ನೆಲದಾಳ ಸದಾ ಹೆಪ್ಪುಗಟ್ಟಿರುವ ಬಯಲುಗಳಲ್ಲಿ. ಕೈಹಿಡಿಯಷ್ಟು ಗಾತ್ರದ ಕಿರು ಉಲ್ಲಂಕಿಯೂ ಈ ದಾರಿಯನ್ನು ವರ್ಷಕ್ಕೆರಡು ಬಾರಿ ಸವೆಸುತ್ತದೆ.

ಜ್ವರದ ಮಟ್ಟಿಗೆ ಊಹೆ ನಿಲ್ಲಲಿಲ್ಲ. ಕ್ಯಾಸನೂರಿನ ವೈರಸ್ ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ತನ್ನದೇ ಚಕ್ರದಲ್ಲಿ ಬದುಕುತ್ತದೆಂದೂ ಹಕ್ಕಿಗಳು ಅದನ್ನು ಸೈಬೀರಿಯಾದಿಂದ ತಂದವೆನ್ನಲು ಆಧಾರವಿಲ್ಲವೆಂದೂ ಕಂಡುಬಂತು. ಮುಂದೆ 1990ರ ದಶಕದಲ್ಲಿ ಅದರ ಅತಿ ಹತ್ತಿರದ ಬಂಧು ಪತ್ತೆಯಾದದ್ದು ಉತ್ತರದ ಹಿಮದಲ್ಲಲ್ಲ, ಸೌದಿ ಅರೇಬಿಯಾದಲ್ಲಿ. ನಡುವೆ ಉಂಗುರದ ಕೆಲಸಕ್ಕೆ ಅಮೆರಿಕದ ಸೇನೆಯ ಸಂಶೋಧನಾ ವಿಭಾಗದಿಂದಲೂ ಹಣ ಬಂದದ್ದು 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಟೀಕೆಗೆ ಕಾರಣವಾಯಿತು. ತಪ್ಪು ಊಹೆಯೊಂದು ಸರಿಯಾದ ಜ್ಞಾನಕ್ಕೆ ದಾರಿ ಮಾಡಿಕೊಟ್ಟ ನಿದರ್ಶನಗಳು ವಿಜ್ಞಾನದಲ್ಲಿ ಅಪರೂಪವಲ್ಲ, ಆದರೆ ಮಂಗನ ಕಾಯಿಲೆಯಿಂದ ಹಕ್ಕಿಗಳ ಭೂಪಟ ಹೊರಬಂದಂಥವು ಹೆಚ್ಚಿಲ್ಲ.

ಸರ್ಕಾರದ ಮಟ್ಟದಲ್ಲಿ ಭಾರತ ಧ್ರುವಗಳತ್ತ ನಡೆದ ಹೆಜ್ಜೆಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಕುರಿತ 1920ರ ಒಪ್ಪಂದಕ್ಕೆ ಬ್ರಿಟಿಷ್ ಭಾರತವೂ ಸಹಿ ಹಾಕಿತ್ತು. ಅಂಟಾರ್ಕ್ಟಿಕಾದ ಪ್ರಶ್ನೆಯನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಬೇಕೆಂದು ಭಾರತ 1956ರಲ್ಲೂ 1958ರಲ್ಲೂ ಕೇಳಿ ಫಲಿಸಲಿಲ್ಲ. 1981ರ ಡಿಸೆಂಬರ್ 6ರಂದು ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ ಗೋವೆಯಿಂದ ಹೊರಟ ಮೊದಲ ತಂಡ 1982ರ ಜನವರಿ 9ರಂದು ಹಿಮಖಂಡದಲ್ಲಿ ಇಳಿಯಿತು. 1983ರಲ್ಲಿ ಅಂಟಾರ್ಕ್ಟಿಕ ಒಪ್ಪಂದಕ್ಕೆ ಸೇರ್ಪಡೆ, ಆ ಬಳಿಕ ದಕ್ಷಿಣ ಗಂಗೋತ್ರಿ, ಮೈತ್ರಿ, 2012ರಲ್ಲಿ ಭಾರತಿ, ಉತ್ತರದಲ್ಲಿ 2008ರ ಹಿಮಾದ್ರಿ ನಿಲ್ದಾಣಗಳು ಬಂದವು. ತೇಲುವ ಹಿಮಹಾಸಿನ ಮೇಲೆ ಕಟ್ಟಿದ ದಕ್ಷಿಣ ಗಂಗೋತ್ರಿ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋದದ್ದರಿಂದ ಮೈತ್ರಿಯನ್ನು ಷಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಬಂಡೆನೆಲದ ಮೇಲೆ ಕಟ್ಟಲಾಯಿತು.

ಈ ನಿಲ್ದಾಣಗಳ ಬದುಕಿನಲ್ಲಿ ಕನ್ನಡ ನಾಡಿನ ಪಾಲು ಸದ್ದಿಲ್ಲದ್ದು. 1961ರಲ್ಲಿ ಸ್ಥಾಪನೆಯಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ರೂಪಿಸಿದ, ತಿಂಗಳುಗಟ್ಟಲೆ ಕೆಡದ ಸಿದ್ಧ ಆಹಾರ ಅಂಟಾರ್ಕ್ಟಿಕ ತಂಡಗಳ ಬುತ್ತಿಗೂ ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆ ಸೇರಿ, 1960ರ ದಶಕದಲ್ಲಿ ಬಲೂನಿನಲ್ಲಿ ಕಳಿಸುವ ಓಜೋನ್ ಮಾಪಕವನ್ನು ದೇಶದಲ್ಲೇ ತಯಾರಿಸಿದ ಅನ್ನಾ ಮಣಿಯವರ ಪರಂಪರೆಯ ಮಾಪಕಗಳು ಮುಂದೆ ಹಿಮಖಂಡದ ಆಕಾಶಕ್ಕೂ ಏರಿದವು. ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನಿಗಳ ಕೆಲಸ ಇವೆಲ್ಲಕ್ಕಿಂತ ವಿಶಿಷ್ಟ. ಷಿರ್ಮಾಕರ್‌ನ ಸ್ಯಾಂಡಿ ಲೇಕ್ ಎಂಬ ಸರೋವರದ ತಳದಿಂದ ಕೊಳವೆಯಲ್ಲಿ ತೆಗೆದ ಹೂಳನ್ನು ಗೋವೆಯ ಧ್ರುವ ಸಂಶೋಧನಾ ಕೇಂದ್ರದವರೊಡನೆ ಪದರ ಪದರವಾಗಿ ಪರೀಕ್ಷಿಸಿ, ಅದರಲ್ಲಿನ ಕಬ್ಬಿಣದ ಖನಿಜಗಳ ಕಾಂತೀಯ ಗುಣದ ಏರಿಳಿತದಿಂದ ಸುಮಾರು 42,500 ವರ್ಷಗಳ ಚಳಿ ಮತ್ತು ಬೆಚ್ಚಗಿನ ಕಾಲಗಳನ್ನು ಗುರುತಿಸಿ 2014ರಲ್ಲಿ ಪ್ರಕಟಿಸಿದರು. ಕಬ್ಬಿಣದಿಂದಲೇ ಕೆಂಪಾದ ಬೀದರಿನ ಜಂಬಿಟ್ಟಿಗೆಯಾಗಲಿ, ಧ್ರುವದ ಕೆರೆಯ ಹೂಳಾಗಲಿ, ಹವೆಯ ನೆನಪನ್ನು ಇಟ್ಟುಕೊಳ್ಳುವುದು ಇಂಥ ಖನಿಜಗಳಲ್ಲೇ.

ಬ್ಲಾನ್‌ಫೋರ್ಡನ ಹಳೆಯ ಊಹೆಗೂ ಮರುಹುಟ್ಟು ಬಂದಿದೆ. ಉಪಗ್ರಹಗಳು ಹಿಮದ ಹರವನ್ನು ಚಿತ್ರಿಸತೊಡಗಿದ ಮೇಲೆ, 1976ರಲ್ಲಿ ಡಗ್ಲಾಸ್ ಹಾನ್ ಮತ್ತು ಜಗದೀಶ್ ಶುಕ್ಲಾ ಹಿಮಾಲಯದ ಬದಲು ಇಡೀ ಯುರೇಷಿಯಾದ ಚಳಿಗಾಲದ ಹಿಮವನ್ನು ಭಾರತದ ಮಳೆಯೊಂದಿಗೆ ಹೋಲಿಸಿ ವಿಲೋಮ ಸಂಬಂಧವನ್ನು ಕಂಡರು. 1988ರಲ್ಲಿ ವಸಂತ ಗೋವಾರಿಕರ್ ನೇತೃತ್ವದಲ್ಲಿ ಹವಾಮಾನ ಇಲಾಖೆ ಬಳಕೆಗೆ ತಂದ 16 ಅಂಶಗಳ ಮುನ್ಸೂಚನಾ ಮಾದರಿಯಲ್ಲಿ ಯುರೇಷಿಯಾದ ಹಿಮವೂ ಒಂದಾಯಿತು. 2014ರಲ್ಲಿ ಸ್ವಾಲ್ಬಾರ್ಡಿನ ಕಾಂಗ್ಸ್‌ಫ್ಯೋರ್ಡನ್‌ನಲ್ಲಿ, 192 ಮೀಟರ್ ಆಳದ ನೀರಿನಲ್ಲಿ, ಇಂಡಾರ್ಕ್ ಎಂಬ ಭಾರತೀಯ ಮಾಪಕಸಾಲು ಇಳಿಯಿತು. 2021ರಲ್ಲಿ ಗೋವೆಯ ಕೇಂದ್ರದ ಮತ್ತು ನಾರ್ವೆಯ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು, ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಲ್ಲಿ ಮಧ್ಯ ಭಾರತದಲ್ಲಿ ಸೆಪ್ಟೆಂಬರಿನ ಅತಿಮಳೆ ಹೆಚ್ಚಾಗುವ ಸಾಧ್ಯತೆಯನ್ನು ಸೂಚಿಸಿತು: ತೆರೆದ ಸಮುದ್ರದಿಂದ ಏರುವ ಶಾಖ ಮೇಲಿನ ವಾಯುಮಂಡಲದ ಅಲೆಗಳನ್ನು ಬದಲಿಸುತ್ತದೆ, ಅವು ಏಷ್ಯಾದ ಮೇಲೆ ದಕ್ಷಿಣಕ್ಕೆ ಬಾಗುತ್ತವೆ, ಬೆಚ್ಚಗಿನ ಅರಬ್ಬಿ ಸಮುದ್ರ ಮಳೆಗೆ ನೀರಾವಿ ಒದಗಿಸುತ್ತದೆ. ಇದು ಸಂಬಂಧದ ಸೂಚನೆಯೇ ಹೊರತು ಮುಗಿದ ತೀರ್ಮಾನವಲ್ಲ.

ಬೀದರ್ ಈ ಮಧ್ಯ ಭಾರತದ ದಕ್ಷಿಣ ಅಂಚಿಗೆ ಒತ್ತಿಕೊಂಡಿರುವ ಜಿಲ್ಲೆ. ಧಾತು-ಈಶ್ವರದ ಕಾಲದಲ್ಲಿ ಇಲ್ಲಿನವರು ಕಾದದ್ದು ಬಾರದ ಮಳೆಗಾಗಿ. ಸೆಪ್ಟೆಂಬರಿನ ಅತಿಮಳೆಯದು ಅದರ ತಿರುವುಮುರುವು. ಹೆಸರು, ಉದ್ದುಗಳ ಕಾಯಿ ಒಣಗಿ ರಾಶಿಗೆ ಬರುವ ಹೊತ್ತದು, ತೊಗರಿ ಇನ್ನೂ ಹಸಿರಾಗಿ ಹೊಲದಲ್ಲಿ ನಿಂತಿರುತ್ತದೆ. ಆಗ ಎರಡು ಮೂರು ದಿನ ಎಡೆಬಿಡದೆ ಸುರಿದರೆ ಉದ್ದು ಕಾಯಿಯೊಳಗೇ ಮೊಳಕೆಯೊಡೆಯುತ್ತದೆ, ನೀರು ಬಸಿಯದ ಕರಿಮಣ್ಣಿನಲ್ಲಿ ತೊಗರಿಯ ಬೇರು ಕೊಳೆಯುತ್ತದೆ, ರಾಶಿ ಮಾಡಲು ಹೊರಟ ಬಂಡಿ ಹೊಲದ ದಾರಿಯಲ್ಲೇ ಹೂತು ನಿಲ್ಲುತ್ತದೆ.